ಹುಣಸೆಮರದ ಮೇಲಿನ ಮೂರು ಚುಕ್ಕಿ ಮತ್ತು ನಾಲ್ಕು ನಿಮಿಷದ ಲೆಕ್ಕ

ಹೋದ ವರ್ಷ ನಾನು ಒಂದು ಲೇಖನದಲ್ಲಿ ಹೀಗೆ ಬರೆದಿದ್ದೆ: ‘ಭೂಮಿ ತನ್ನ ಸುತ್ತ ತಾನು ಒಂದು ಸುತ್ತು ಸುತ್ತಲು 24 ಗಂಟೆ ಬೇಕು.’ ಯಾರೂ ತಪ್ಪು ಅನ್ನಲಿಲ್ಲ. ನಾನೂ ಶಾಲೆಯಲ್ಲಿ ಕಲಿತಿದ್ದನ್ನೇ ಬರೆದಿದ್ದೆ. ಆ ಸಾಲು ತಪ್ಪು ಅಂತ ನನಗೆ ಗೊತ್ತಾಗಿದ್ದು ನಮ್ಮ ಈರುಳ್ಳಿ ಹೊಲದಲ್ಲಿ. ಗೊತ್ತಾಗುವಷ್ಟರಲ್ಲಿ ಆರು ಸಾಲು ಈರುಳ್ಳಿ ಬಾಡಿತ್ತು.

ನಮ್ಮದು ಕೊಳವೆಬಾವಿ ನೀರಿನ ಬೇಸಾಯ. ನಮ್ಮ ಲೈನಿಗೆ ಒಂದು ವಾರ ಹಗಲು ತ್ರೀ ಫೇಸ್ ಕರೆಂಟು, ಒಂದು ವಾರ ರಾತ್ರಿ. ರಾತ್ರಿ ಪಾಳಿ ಅಂದರೆ ಹತ್ತಕ್ಕೆ ಬರುತ್ತದೆ, ಬೆಳಗಿನ ಜಾವ ನಾಲ್ಕಕ್ಕೆ ಹೋಗುತ್ತದೆ. ಇರುವ ಎರಡು ಇಂಚು ನೀರಲ್ಲಿ ಮೊದಲ ನಾಲ್ಕು ಗಂಟೆ ಮೇಲಿನ ಹೊಲದ ಬೇಸಿಗೆ ಈರುಳ್ಳಿಗೆ, ಆಮೇಲೆ ಎರಡು ಗಂಟೆ ಕೆಳಗಿನ ಅಡಿಕೆ ಸಸಿಗೆ. ನಡುವೆ, ಎರಡು ಗಂಟೆಗೆ, ಯಾರಾದರೂ ಎದ್ದು ಗೇಟ್‌ವಾಲ್ವ್ ತಿರುಗಿಸಬೇಕು.

ಪತ್ರಿಕೋದ್ಯಮ ಓದಿ, ನಗರದಲ್ಲಿ ಒಂದೂವರೆ ವರ್ಷ ಕೆಲಸ ಮಾಡಿ, ಆ ಕೆಲಸ ಹೋದ ಮೇಲೆ ಊರಿಗೆ ಬಂದವನು ನಾನು. ಮನೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಅಪ್ಪ ಮಾತ್ರ ಎರಡನೇ ದಿನ, ‘ರಾತ್ರಿ ಪಾಳಿಗೆ ನನ್ ಜೊತೆ ಬಾ ಮಗಾ’ ಅಂದ. ಕಂಬಳಿ ಹೊದ್ದು ಹೋದೆ.

ಜನವರಿ 20ರ ಬೆಳಗಿನ ಜಾವ. ಸಂಕ್ರಾಂತಿ ಮುಗಿದ ವಾರ. ಮೋಟರ್ ಶೆಡ್ಡಿನ ಮುಂದೆ ಸ್ಟಾರ್ಟರ್ ಡಬ್ಬದ ಪಕ್ಕ ಇಬ್ಬರೂ ಕೂತಿದ್ದೆವು. ಅಪ್ಪ ಕೇಳಿದ:

‘ಮೂರು ಚುಕ್ಕಿ ಎಲ್ಲೈತೆ ನೋಡು ಮಗಾ.’

ಸಾಲಾಗಿ ನಿಂತ ಮೂರು ನಕ್ಷತ್ರ ನೀವೂ ನೋಡಿರುತ್ತೀರಿ. ಪುಸ್ತಕದವರು ಅದನ್ನು ಮಹಾವ್ಯಾಧನ ಸೊಂಟಪಟ್ಟಿ ಅನ್ನುತ್ತಾರೆ. ಅಪ್ಪನಿಗೆ ಅದು ಮೂರು ಚುಕ್ಕಿ.

‘ಹುಣಸೆಮರದ ನೆತ್ತಿ ಮೇಲೈತೆ’ ಅಂದೆ.

‘ಹಂಗಾದ್ರೆ ಎರಡು ಗಂಟೆ ಆಗಿರ್ತೈತೆ. ವಾಲ್ವ್ ತಿರುಗಿಸು.’

ಫೋನ್ ತೆಗೆದು ನೋಡಿದೆ. ಸರಿಯಾಗಿ 2:00. ವರದಿಗಾರನ ಚಟ, ಬಿಡಲಿಲ್ಲ. ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಟುಕೊಂಡೆ: ‘ಜನವರಿ 20, ರಾತ್ರಿ 2:00, ಮೂರು ಚುಕ್ಕಿ, ಹುಣಸೆಮರದ ನೆತ್ತಿ.’

ಮುಂದಿನ ರಾತ್ರಿ ಪಾಳಿ ಫೆಬ್ರವರಿಯಲ್ಲಿ ಬಂತು. ನಾಲ್ಕನೇ ತಾರೀಖು ಅಪ್ಪನಿಗೆ ಸುಸ್ತಾಗಿತ್ತು, ಶೆಡ್ಡಿನೊಳಗೆ ಮಲಗಿಬಿಟ್ಟ. ಅವನ ಫೋನ್ ಮನೆಯಲ್ಲಿ ಚಾರ್ಜಿಗೆ ಇತ್ತು. ನನ್ನ ಫೋನು ವಿಡಿಯೊ ನೋಡಿ ನೋಡಿ ಸತ್ತುಹೋಗಿತ್ತು. ಆದರೇನು, ನನ್ನ ಹತ್ತಿರ ಆಕಾಶದ ಗಡಿಯಾರ ಇತ್ತಲ್ಲ! ಮೂರು ಚುಕ್ಕಿ ಹುಣಸೆಮರದ ನೆತ್ತಿಗೆ ಬರುವುದನ್ನೇ ಕಾದೆ. ಬಂತು. ವಾಲ್ವ್ ತಿರುಗಿಸಿದೆ. ಅಪ್ಪನನ್ನು ಎಬ್ಬಿಸದೇ ಕೆಲಸ ಮುಗಿಸಿದೆ ಅಂತ ಹೆಮ್ಮೆಯಾಯಿತು.

ಆಮೇಲೆ ಕರೆಂಟು ಹೋಗುವುದನ್ನು ಕಾಯುತ್ತಾ ಕೂತೆ. ಎಷ್ಟು ಹೊತ್ತಾದರೂ ಹೋಗಲಿಲ್ಲ. ಇವತ್ತು ಪುಣ್ಯಾತ್ಮರು ಜಾಸ್ತಿ ಕೊಡುತ್ತಿದ್ದಾರೆ ಅಂದುಕೊಂಡೆ.

ಬೆಳಗಾದ ಮೇಲೆ ನೋಡಿದರೆ ಅಡಿಕೆ ಪಾತಿ ತುಂಬಿ ನೀರು ಬದುವಿನ ಆಚೆ ಹರಿದಿತ್ತು. ಮೇಲಿನ ಹೊಲದಲ್ಲಿ ಕೊನೆಯ ಆರು ಸಾಲಿಗೆ ಒಂದು ಹನಿ ಮುಟ್ಟಿರಲಿಲ್ಲ. ಮೊದಲೇ ಬಾಡಿದ್ದ ಗರಿಗಳು ನೆಲಕ್ಕೆ ಒರಗಿದ್ದವು.

‘ಎಷ್ಟು ಗಂಟೆಗೆ ತಿರುಗಿಸ್ದೆ?’ ಅಪ್ಪ ಕೇಳಿದ.

‘ಎರಡಕ್ಕೇ ಕಣಪ್ಪ. ಮೂರು ಚುಕ್ಕಿ ಹುಣಸೆಮರದ ಮೇಲೆ ಬಂದಾಗ.’

ಅಪ್ಪ ಬೈಯಲಿಲ್ಲ. ‘ಅದು ಸಂಕ್ರಾಂತಿ ವಾರದ ಲೆಕ್ಕ ಮಗಾ. ಹದಿನೈದು ದಿನಕ್ಕೆ ಒಂದು ಗಂಟೆ ಮುಂಚೆ ಬಂದುಬಿಡ್ತೈತೆ ಅದು. ನೀನು ತಿರುಗಿಸ್ದಾಗ ಒಂದು ಗಂಟೆ ಆಗಿತ್ತು, ಅಷ್ಟೇ’ ಅಂದ.

ನನಗೆ ಒಪ್ಪಲು ಮನಸ್ಸಾಗಲಿಲ್ಲ. ‘ಅದೆಂಗೆ ಆಗುತ್ತಪ್ಪ? ಭೂಮಿ 24 ಗಂಟೆಗೆ ಒಂದು ಸುತ್ತು ಸುತ್ತುತ್ತೆ. ಹದಿನೈದು ದಿನದ ಹಿಂದೆ ಎರಡು ಗಂಟೆಗೆ ಎಲ್ಲಿತ್ತೋ ಇವತ್ತೂ ಎರಡು ಗಂಟೆಗೆ ಅಲ್ಲೇ ಇರಬೇಕು.’

‘ಅದು ನಂಗೊತ್ತಿಲ್ಲಪ್ಪ. ಈರುಳ್ಳಿ ಬಾಡೈತೆ, ಅದು ಗೊತ್ತು’ ಅಂದು ಗುದ್ದಲಿ ತಗೊಂಡು ಹೊರಟ.

ಅವತ್ತು ಮಧ್ಯಾಹ್ನ ಊಟ ಮಾಡಿ ಕೂತು ಯೋಚಿಸಿದೆ. ಅಪ್ಪ ಹೇಳಿದ್ದು ನಿಜವಾದರೆ ಹದಿನೈದು ದಿನಕ್ಕೆ 60 ನಿಮಿಷ, ದಿನಕ್ಕೆ ನಾಲ್ಕು ನಿಮಿಷ. ಎಲ್ಲಿಂದ ಬಂತು ಈ ನಾಲ್ಕು ನಿಮಿಷ?

ಉತ್ತರ ಸಿಕ್ಕಿದ್ದು ನಮ್ಮೂರ ದೇವಸ್ಥಾನದಲ್ಲಿ. ಅಂದರೆ ದೇವಸ್ಥಾನ ನೆನಪಿಸಿಕೊಂಡಾಗ. ನೀವು ಗುಡಿಗೆ ಒಂದು ಪ್ರದಕ್ಷಿಣೆ ಹಾಕುತ್ತೀರಿ ಅಂದುಕೊಳ್ಳಿ. ಗುಡಿ ಯಾವಾಗಲೂ ನಿಮ್ಮ ಬಲಗಡೆಗೇ ಇರುತ್ತದೆ. ನೀವು ನಿಂತಲ್ಲಿ ಗಿರಕಿ ಹೊಡೆದಿಲ್ಲ. ಆದರೂ ಒಂದು ಪ್ರದಕ್ಷಿಣೆ ಮುಗಿಯುವಷ್ಟರಲ್ಲಿ ನಿಮ್ಮ ಮುಖ ನಾಲ್ಕೂ ದಿಕ್ಕಿಗೆ ತಿರುಗಿ ಮೊದಲಿನ ದಿಕ್ಕಿಗೇ ಬಂದಿರುತ್ತದೆ. ಗುಡಿಯ ಲೆಕ್ಕದಲ್ಲಿ ನೀವು ತಿರುಗಿಯೇ ಇಲ್ಲ. ದೂರದ ಗುಡ್ಡಗಳ ಲೆಕ್ಕದಲ್ಲಿ ಒಂದು ಸುತ್ತು ತಿರುಗಿದ್ದೀರಿ.

ಗುಡಿ ಇರುವ ಕಡೆ ಸೂರ್ಯನನ್ನು ಇಡಿ. ಗುಡ್ಡಗಳ ಜಾಗದಲ್ಲಿ ನಕ್ಷತ್ರಗಳನ್ನು ಇಡಿ. ಪ್ರದಕ್ಷಿಣೆ ಹಾಕುವವಳು ಭೂಮಿ. ಅವಳು ವರ್ಷಕ್ಕೆ ಒಂದು ಪ್ರದಕ್ಷಿಣೆ ಮುಗಿಸುತ್ತಾಳೆ. ಆ ವರ್ಷದಲ್ಲಿ ನಮಗೆ 365 ಸೂರ್ಯೋದಯ, ಮೇಲೊಂದು ಕಾಲು. ಆದರೆ ನಕ್ಷತ್ರಗಳ ಲೆಕ್ಕದಲ್ಲಿ ಭೂಮಿ ಸುತ್ತಿದ್ದು ಒಂದು ಜಾಸ್ತಿ: 366 ಕಾಲು ಸುತ್ತು. ಅಷ್ಟೇ ಸಮಯದಲ್ಲಿ ಒಂದು ಸುತ್ತು ಹೆಚ್ಚು ಅಂದರೆ ಪ್ರತಿ ಸುತ್ತೂ 24 ಗಂಟೆಗಿಂತ ಸ್ವಲ್ಪ ಚಿಕ್ಕದಾಗಿರಲೇಬೇಕು. ಆ ಚಿಕ್ಕ ಸುತ್ತಿಗೆ ನಾಕ್ಷತ್ರಿಕ ದಿನ ಅಂತ ಹೆಸರು. ಸೂರ್ಯ ನೆತ್ತಿಯಿಂದ ನೆತ್ತಿಗೆ ಬರುವ ನಮ್ಮ ಮಾಮೂಲಿ 24 ಗಂಟೆ ಸೌರ ದಿನ.

ಎಷ್ಟು ಚಿಕ್ಕದು ಅಂತ ಲೆಕ್ಕ ಹಾಕಬೇಕಲ್ಲ. ಕಾಲೇಜಿನಲ್ಲಿ ಡೇಟಾ ಜರ್ನಲಿಸಂ ಅಂತ ಒಂದು ವಿಷಯ ಇತ್ತು, ಅದರಲ್ಲಿ ಸ್ವಲ್ಪ ಪೈಥಾನ್ ಕಲಿತಿದ್ದೆ. ಫೋನಿಗೆ ಪೈಥಾನ್ ಆ್ಯಪ್ ಹಾಕಿಕೊಂಡೆ. ಈ ಭಾಷೆಯಲ್ಲಿ ಒಂದು ಖುಷಿ ಇದೆ: ಲೆಕ್ಕದ ಹೆಸರುಗಳನ್ನು ಕನ್ನಡದಲ್ಲೇ ಕೊಡಬಹುದು, ಅದು ಒಪ್ಪಿಕೊಳ್ಳುತ್ತದೆ. ನಾನು ಬರೆದಿದ್ದು ಮೂರೇ ಸಾಲು:

ದಿನ = 86400
ವರ್ಷ = 365.25
ಸುತ್ತು = ದಿನ * ವರ್ಷ / (ದಿನ + ವರ್ಷ)

86400 ಅಂದರೆ 24 ಗಂಟೆಯಲ್ಲಿರುವ ಸೆಕೆಂಡುಗಳು. ಮೂರನೇ ಸಾಲು ಪ್ರದಕ್ಷಿಣೆಯ ಮಾತನ್ನೇ ಗಣಿತದಲ್ಲಿ ಹೇಳುತ್ತದೆ. ಒಂದು ಸೆಕೆಂಡಿಗೆ ಎಷ್ಟು ದಿನ ಮತ್ತು ಎಷ್ಟು ಪ್ರದಕ್ಷಿಣೆ ಆಗುತ್ತದೋ ಎರಡನ್ನೂ ಕೂಡಿದರೆ ಒಂದು ಸೆಕೆಂಡಿಗೆ ಎಷ್ಟು ಸುತ್ತು ಅಂತ ಸಿಗುತ್ತದೆ. ಅದನ್ನು ತಿರುಗಿಸಿ ಬರೆದರೆ ಈ ಸಾಲು.

ರನ್ ಒತ್ತಿದೆ. ಉತ್ತರ 363.7 ಅಂತ ಬಂತು. 363 ಸೆಕೆಂಡು ಅಂದರೆ ಆರು ನಿಮಿಷ ಚಿಲ್ಲರೆ. ಆರು ನಿಮಿಷಕ್ಕೆ ಒಮ್ಮೆ ಭೂಮಿ ಸುತ್ತಿದರೆ ನಾವೆಲ್ಲ ಎಲ್ಲಿರುತ್ತಿದ್ದೆವೋ!

ತಪ್ಪು ಹುಡುಕಲು ಅರ್ಧ ಗಂಟೆ ಬೇಕಾಯಿತು. ದಿನವನ್ನು ಸೆಕೆಂಡಿನಲ್ಲಿ ಕೊಟ್ಟಿದ್ದೆ, ವರ್ಷವನ್ನು ದಿನಗಳಲ್ಲಿ. ಒಬ್ಬ ತನ್ನ ಜಮೀನನ್ನು ಗುಂಟೆಯಲ್ಲಿ, ಅವನ ತಮ್ಮ ಎಕರೆಯಲ್ಲಿ ಹೇಳಿ, ಎರಡನ್ನೂ ಹಾಗೇ ಕೂಡಿದ ಹಾಗೆ. ಫೋನು ಬೈಯುವುದಿಲ್ಲ, ಹೇಳಿದ್ದನ್ನು ಮಾಡುತ್ತದೆ. ಎರಡನೇ ಸಾಲು ತಿದ್ದಿದೆ:

ವರ್ಷ = 365.25 * 86400

ಈಗ ಬಂದ ಉತ್ತರ 86164.1 ಸೆಕೆಂಡು. ಅಂದರೆ 23 ಗಂಟೆ 56 ನಿಮಿಷ 4 ಸೆಕೆಂಡು. 24 ಗಂಟೆಗೆ 3 ನಿಮಿಷ 56 ಸೆಕೆಂಡು ಕಡಿಮೆ. ಹದಿನೈದರಿಂದ ಗುಣಿಸಿದೆ: 58 ನಿಮಿಷ 58 ಸೆಕೆಂಡು.

ಅಪ್ಪನ ‘ಹದಿನೈದು ದಿನಕ್ಕೆ ಒಂದು ಗಂಟೆ’ಗೆ ಒಂದೇ ನಿಮಿಷದ ವ್ಯತ್ಯಾಸ.

ಹುಚ್ಚು ಹಿಡಿದವನ ಹಾಗೆ ಲೆಕ್ಕ ಮುಂದುವರಿಸಿದೆ. ಕ್ರಿ.ಶ. 499ರಲ್ಲಿ ಆರ್ಯಭಟ ‘ಆರ್ಯಭಟೀಯ’ದಲ್ಲಿ ಕೊಟ್ಟ ಸಂಖ್ಯೆಗಳು ನೆನಪಾದವು. ಆಗ ಅವನಿಗೆ 23 ವರ್ಷ. ತಿರುಗುವುದು ಆಕಾಶ ಅಲ್ಲ, ಭೂಮಿ ಅಂತ ಹೇಳಿದವನು ಅವನು. ದೋಣಿಯಲ್ಲಿ ಹೋಗುವವನಿಗೆ ದಡದ ಮರಗಳು ಹಿಂದೆ ಓಡಿದ ಹಾಗೆ ಕಾಣುವುದನ್ನು ಅವನು ಉದಾಹರಣೆಯಾಗಿ ಕೊಟ್ಟ. 43,20,000 ವರ್ಷಗಳಲ್ಲಿ ಭೂಮಿ 1,58,22,37,500 ಸುತ್ತು ಸುತ್ತುತ್ತದೆ ಅನ್ನುವುದು ಅವನ ಲೆಕ್ಕ. ವರ್ಷಕ್ಕೆ ಒಂದರಂತೆ ಪ್ರದಕ್ಷಿಣೆಯ ಸುತ್ತುಗಳನ್ನು ಕಳೆದರೆ ಉಳಿಯುವುದು 1,57,79,17,500 ದಿನ. ಈ ದಿನಗಳನ್ನು ಆ ಸುತ್ತುಗಳಿಂದ ಭಾಗಿಸಿ 86400ರಿಂದ ಗುಣಿಸಿದೆ. ಬಂದಿದ್ದು 86164.10. ಇವತ್ತಿನ ವಿಜ್ಞಾನಿಗಳ ಸಂಖ್ಯೆ 86164.09. ವ್ಯತ್ಯಾಸ ಒಂದು ಸೆಕೆಂಡಿನ ನೂರನೇ ಒಂದು ಪಾಲು. ಇವತ್ತಿನಂಥ ಗಡಿಯಾರ ಇರದ ಕಾಲದ್ದು ಇದು.

ಆಮೇಲೆ ಮಂಗಳ. ಅಲ್ಲಿ ಸೂರ್ಯ ನೆತ್ತಿಯಿಂದ ನೆತ್ತಿಗೆ ಬರಲು 24 ಗಂಟೆ 39 ನಿಮಿಷ 35 ಸೆಕೆಂಡು. ಅಲ್ಲಿನ ವರ್ಷ ನಮ್ಮ 687 ದಿನ. ಅದೇ ಮೂರು ಸಾಲಿಗೆ ಕೊಟ್ಟೆ: 24 ಗಂಟೆ 37 ನಿಮಿಷ 22 ಸೆಕೆಂಡು. ಪುಸ್ತಕದಲ್ಲಿ ಇರುವುದೂ ಅಷ್ಟೇ. ಅಲ್ಲಿ ಒಬ್ಬ ರೈತ ಇದ್ದಿದ್ದರೆ ಅವನ ಮೂರು ಚುಕ್ಕಿ ದಿನಕ್ಕೆ ಎರಡು ನಿಮಿಷ ಚಿಲ್ಲರೆ ಮಾತ್ರ ಮುಂಚೆ ಬರುತ್ತಿತ್ತು. ವರ್ಷ ಉದ್ದ, ಹಾಗಾಗಿ ದಿನದ ಪಾಲು ಕಡಿಮೆ.

ಶುಕ್ರದಲ್ಲಿ ಮತ್ತೆ ಬಿದ್ದೆ. ನಾವು ಬೆಳ್ಳಿ ಚುಕ್ಕಿ ಅನ್ನುವ ಶುಕ್ರ. ಅಲ್ಲಿ ಒಂದು ಸೌರ ದಿನ ನಮ್ಮ 116.75 ದಿನ, ವರ್ಷ 224.7 ದಿನ. ಉತ್ತರ 76.8 ದಿನ ಅಂತ ಬಂತು. ಪುಸ್ತಕದಲ್ಲಿ 243 ದಿನ ಅಂತಿದೆ. ಈ ಸಲ ಅಳತೆ ತಪ್ಪಿರಲಿಲ್ಲ, ಎರಡೂ ದಿನದಲ್ಲೇ ಇದ್ದವು.

ರಾತ್ರಿ ಮಲಗಿದ್ದಾಗ ಹೊಳೆಯಿತು. ಶುಕ್ರ ಉಲ್ಟಾ ಸುತ್ತುತ್ತದೆ. ಅಲ್ಲಿ ಸೂರ್ಯ ಹುಟ್ಟುವುದು ಪಶ್ಚಿಮದಲ್ಲಿ. ಪ್ರದಕ್ಷಿಣೆ ಒಂದು ಕಡೆ, ಗಿರಕಿ ಅದರ ಎದುರು ಕಡೆ. ಹಾಗಾಗಿ ಕೂಡಬಾರದು, ಕಳೆಯಬೇಕು. ಎದ್ದು ಕೂತು 116.75ರ ಹಿಂದೆ ಒಂದು ಮೈನಸ್ ಚಿಹ್ನೆ ಹಾಕಿದೆ, ಬೇರೆ ಏನೂ ಮುಟ್ಟಲಿಲ್ಲ. ಬಂತು: ಮೈನಸ್ 243. ಮೈನಸ್ ಅಂದರೆ ಉಲ್ಟಾ ಅಂತ ಅದೇ ಹೇಳುತ್ತಿದೆ. ತನ್ನ ವರ್ಷಕ್ಕಿಂತ ಉದ್ದದ ಸುತ್ತು ಇರುವ ಗ್ರಹ ಅದು.

ಚಂದ್ರನಿಗೆ ಲೆಕ್ಕವೇ ಬೇಡ. ಅವನು ನಮ್ಮ ಭೂಮಿಗೆ ಅಚ್ಚುಕಟ್ಟಾಗಿ ಪ್ರದಕ್ಷಿಣೆ ಹಾಕುವವನು. ಒಂದೇ ಮುಖ ನಮ್ಮ ಕಡೆ. ಅದಕ್ಕೇ ನಮ್ಮಜ್ಜಿ ನೋಡಿದ ಮೊಲವನ್ನೇ ನಾವೂ ನೋಡುತ್ತೇವೆ.

ಮಾರನೇ ದಿನ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಫೋನು ತೋರಿಸಿದೆ. ಪ್ರದಕ್ಷಿಣೆಯ ಮಾತು ಅವನಿಗೆ ತಕ್ಷಣ ಹಿಡಿಸಿತು. ‘ಹಂಗಾದ್ರೆ ಮಳೆ ನಕ್ಷತ್ರನೂ ಇದೇ ಲೆಕ್ಕವೇನೋ’ ಅಂದ.

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಅಂತ 27 ನಕ್ಷತ್ರ. ಭೂಮಿಯ ಪ್ರದಕ್ಷಿಣೆಯಿಂದಾಗಿ ಸೂರ್ಯ ಒಂದೊಂದರಲ್ಲೂ ಹದಿಮೂರೂವರೆ ದಿನ ಇದ್ದ ಹಾಗೆ ಕಾಣುತ್ತದೆ. ಅದೇ ನಮ್ಮ ಮಳೆಗಳ ಲೆಕ್ಕ. ಒಂದು ಮಳೆ ಮುಗಿಯುವಷ್ಟರಲ್ಲಿ ಆಕಾಶದ ಎಲ್ಲ ನಕ್ಷತ್ರಗಳೂ 53 ನಿಮಿಷ ಮುಂಚೆ ಬರುತ್ತವೆ. 27 ಮಳೆ ಮುಗಿದರೆ 24 ಗಂಟೆ, ಅಂದರೆ ಆ ಒಂದು ಹೆಚ್ಚಿನ ಸುತ್ತು ಪೂರ್ತಿ. ಮೂರು ಚುಕ್ಕಿಯ ಹತ್ತಿರದಲ್ಲೇ ಮೃಗಶಿರಾ ಇದೆ, ಅಲ್ಲೇ ಕೆಂಪಗೆ ಹೊಳೆಯುವುದು ಆರಿದ್ರಾ. ಜೂನ್‌ನಲ್ಲಿ ಮೃಗಶಿರಾ ಮಳೆ ಬರುವಾಗ ಸೂರ್ಯ ಅದೇ ದಿಕ್ಕಿನಲ್ಲಿ ಇರುವುದರಿಂದ ಅವು ರಾತ್ರಿ ಕಾಣುವುದಿಲ್ಲ. ಇಷ್ಟು ವರ್ಷ ಮಳೆ ಹೆಸರು ಹೇಳುತ್ತಾ ಬಂದವನು ನಾನು, ಇವು ಒಂದೇ ಲೆಕ್ಕ ಅಂತ ಗೊತ್ತಿರಲಿಲ್ಲ.

‘ಇಷ್ಟೆಲ್ಲ ಗೊತ್ತಿದ್ದೂ ಆವತ್ತು ಯಾಕಪ್ಪ ನೀನೇ ನೋಡಲಿಲ್ಲ? ಯಾವಾಗಲೂ ನನ್ನನ್ನೇ ಯಾಕೆ ಕೇಳ್ತೀಯ?’ ಅಂದೆ. ತಮಾಷೆಗೆ ಕೇಳಿದ್ದು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ದೀಪಾವಳಿಯಿಂದ ಈಚೆಗೆ ನಂಗೆ ಚುಕ್ಕಿ ಕಾಣಾಕಿಲ್ಲ ಮಗಾ. ಮಂಜು ಕವಿದಂಗೆ ಇರ್ತೈತೆ’ ಅಂದ.

ನಾನು ಊರಿಗೆ ಬಂದು ತಿಂಗಳ ಮೇಲಾಗಿತ್ತು. ದಿನಾ ಜೊತೆಗೇ ಕೂತಿದ್ದೆ. ವಾಲ್ವ್ ಹುಡುಕಲು ಅವನು ಕೈ ಆಡಿಸುವುದನ್ನು ನೋಡಿದ್ದೆ, ಕತ್ತಲೆಗೆ ಅಂದುಕೊಂಡಿದ್ದೆ. ಅವ್ವನಿಗೂ ಹೇಳಿರಲಿಲ್ಲ. ಹೇಳಿದರೆ ರಾತ್ರಿ ನೀರಿಗೆ ಕಳಿಸುವುದಿಲ್ಲ ಅಂತ. ‘ರಾತ್ರಿ ಪಾಳಿಗೆ ನನ್ ಜೊತೆ ಬಾ’ ಅಂತ ಕರೆದಿದ್ದು ನನಗೆ ಕೆಲಸ ಕಲಿಸಲು ಅಂದುಕೊಂಡಿದ್ದೆ. ಅವನಿಗೆ ಬೇಕಿದ್ದು ಎರಡು ಕಣ್ಣು.

ಸುದ್ದಿ ಅಂದರೆ ಏನು, ಪ್ರಶ್ನೆ ಹೇಗೆ ಕೇಳಬೇಕು ಅಂತ ಎರಡು ವರ್ಷ ಓದಿದವನು ನಾನು. ಪಕ್ಕದಲ್ಲಿ ಕೂತವನನ್ನು ಒಂದು ಪ್ರಶ್ನೆ ಕೇಳಲು ಈರುಳ್ಳಿ ಬಾಡಬೇಕಾಯಿತು.

ಕಣ್ಣು ತೋರಿಸಿದೆವು. ಪೊರೆ ಬೆಳೆದಿತ್ತು, ಎರಡೂ ಕಣ್ಣಿಗೆ. ಫೆಬ್ರವರಿ ಕೊನೆಯ ವಾರ ಎಡಗಣ್ಣಿಗೆ ಆಪರೇಷನ್ ಆಯಿತು. ಸ್ವಲ್ಪ ದಿನ ಧೂಳಿಗೆ ಹೋಗಬಾರದು, ಭಾರ ಎತ್ತಬಾರದು ಅಂದರು. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿ ಮೇಲೆ ಕೂತು ಹೋಗಿಬರುವವರಿಗೆಲ್ಲ ನನ್ನ ಮೈನಸ್ ಚಿಹ್ನೆಯ ಕಥೆ ಹೇಳಿದ. ಅದರಲ್ಲಿ ಶುಕ್ರ ಯಾವುದು, ಮಂಗಳ ಯಾವುದು ಅನ್ನುವುದು ದಿನಕ್ಕೊಂದು ಥರ ಬದಲಾಗುತ್ತಿತ್ತು.

ಮಾರ್ಚ್‌ನಲ್ಲಿ ನನಗೊಂದು ಯೋಚನೆ ಬಂತು. ಲೆಕ್ಕ ನಿಜವೋ ಅಲ್ಲವೋ ಹೊಲದಲ್ಲೇ ನೋಡಿಬಿಡೋಣ. ಜನವರಿ 20ರ ರಾತ್ರಿ ಎರಡು ಗಂಟೆಗೆ ಮೂರು ಚುಕ್ಕಿ ಹುಣಸೆಮರದ ನೆತ್ತಿ ಮೇಲಿತ್ತು. ಅಲ್ಲಿಂದ 54 ದಿನ ಬಿಟ್ಟರೆ ಎಷ್ಟು ಗಂಟೆಗೆ ಅಲ್ಲಿಗೆ ಬರಬೇಕು? 54ನ್ನು 3 ನಿಮಿಷ 56 ಸೆಕೆಂಡಿನಿಂದ ಗುಣಿಸಿದರೆ 3 ಗಂಟೆ 32 ನಿಮಿಷ. ಎರಡು ಗಂಟೆಯಿಂದ ಅಷ್ಟು ಹಿಂದೆ ಹೋದರೆ ಮಾರ್ಚ್ 14ರ ರಾತ್ರಿ 10 ಗಂಟೆ 28 ನಿಮಿಷ.

ಆ ವಾರ ಹಗಲು ಪಾಳಿ, ರಾತ್ರಿ ನೀರಿನ ಕೆಲಸ ಇರಲಿಲ್ಲ. ಬರೀ ನೋಡಲು ಹೋದೆವು. ಅವ್ವ ಬೈದಳು. ಹತ್ತೂಕಾಲಕ್ಕೆ ಸ್ಟಾರ್ಟರ್ ಡಬ್ಬದ ಪಕ್ಕ ಅದೇ ಜಾಗದಲ್ಲಿ ಕೂತೆವು. ಫೋನಿಗೆ ಪೂರ್ತಿ ಚಾರ್ಜ್ ಇತ್ತು. ನಾನು ಬಾಯಿ ಬಿಡಲಿಲ್ಲ.

ಅಪ್ಪ ಕತ್ತೆತ್ತಿ ಪಶ್ಚಿಮದ ಕಡೆ ನೋಡುತ್ತಾ ಕೂತ. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದ. ಮತ್ತೆ ನೋಡಿದ.

‘ಈಗ ಬಂತು ನೋಡು ನೆತ್ತಿಗೆ’ ಅಂದ.

ಫೋನಿನಲ್ಲಿ 10:31.

‘ಮೂರು ನಿಮಿಷ ತಡ ಕಣಪ್ಪ’ ಅಂದೆ.

‘ಹುಣಸೆಮರ ಚಿಗುರೈತಲ್ಲ, ಎರಡು ಗೇಣು ಬೆಳೆದಿರ್ತೈತೆ’ ಅಂದ. ಆಮೇಲೆ, ‘ಮೂರೂ ಬಿಡಿಬಿಡಿಯಾಗಿ ಕಾಣ್ತಾವೆ’ ಅಂದ.

ಮರ ಬೆಳೆದರೆ ಚುಕ್ಕಿ ತುದಿ ಮುಟ್ಟುವುದು ತಡವಲ್ಲ, ಮುಂಚೆ ಆಗಬೇಕು. ಆದರೆ ನಾನು ತಿದ್ದಲು ಹೋಗಲಿಲ್ಲ. ಮರದ ನೆತ್ತಿ ಅನ್ನುವುದು ಗಡಿಯಾರದ ಮುಳ್ಳಲ್ಲ, ಮೂರು ನಿಮಿಷ ಆಚೀಚೆ ಇದ್ದೇ ಇರುತ್ತದೆ.

ನೀವೂ ಮಾಡಿ ನೋಡಬಹುದು. ಕೋಡು ಬೇಡ, ದುರ್ಬೀನು ಬೇಡ. ಮನೆ ಹತ್ತಿರದ ಒಂದು ಮರವೋ ಕಂಬವೋ ಗುರುತು ಇಟ್ಟುಕೊಳ್ಳಿ. ದಿನಾ ಒಂದೇ ಜಾಗದಲ್ಲಿ ನಿಲ್ಲಿ. ಒಂದು ಹೊಳೆಯುವ ನಕ್ಷತ್ರ ಅದರ ತುದಿಗೆ ಬಂದ ಸಮಯ ಬರೆದಿಡಿ. ಹದಿನೈದು ದಿನ ಬಿಟ್ಟು ಅಲ್ಲೇ ನಿಂತು ಮತ್ತೆ ನೋಡಿ. ಗ್ರಹ ಆರಿಸಬೇಡಿ, ಅವು ಜಾಗ ಬದಲಾಯಿಸುತ್ತವೆ. ಮನೆಯಲ್ಲಿ ವಯಸ್ಸಾದವರು ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಎಷ್ಟು ಚುಕ್ಕಿ ಕಾಣುತ್ತಿವೆ ಅಂತ ಕೇಳಿ.

ಇನ್ನು ತಿದ್ದುಪಡಿ. ಹೋದ ವರ್ಷ ನಾನು ಬರೆದ ಸಾಲು ಹೀಗಿರಬೇಕಿತ್ತು: ‘ಭೂಮಿ ತನ್ನ ಸುತ್ತ ತಾನು ಒಂದು ಸುತ್ತು ಸುತ್ತಲು 23 ಗಂಟೆ 56 ನಿಮಿಷ 4 ಸೆಕೆಂಡು ಬೇಕು.’ ಓದಿದವರೆಲ್ಲರ ಕ್ಷಮೆ ಕೇಳುತ್ತೇನೆ. ಅಪ್ಪನ ಬಲಗಣ್ಣಿನ ಆಪರೇಷನ್ ಮುಂದಿನ ತಿಂಗಳು. ಈರುಳ್ಳಿ ಆರು ಸಾಲು ಬಿಟ್ಟು ಉಳಿದಿದ್ದು ಚೆನ್ನಾಗಿದೆ.